ಕಣಗಳನ್ನು ಎಣಿಸುವ ಬಿಲ್ಲೆ

ಮಕ್ಕಳೇ, ಪರಮಾಣು ಎಷ್ಟು ಚಿಕ್ಕದೆಂದು ನೀವು ಕೇಳಿದ್ದೀರಿ. ಅದರ ನಡುವಿನ ಬೀಜಕೇಂದ್ರ ಇನ್ನೂ ಚಿಕ್ಕದು. ಅದರ ಗುಟ್ಟನ್ನು ತಿಳಿಯಲು ವಿಜ್ಞಾನಿಗಳು ಒಂದು ಬೀಜಕೇಂದ್ರವನ್ನು ಇನ್ನೊಂದಕ್ಕೆ ಅತಿ ವೇಗದಿಂದ ಡಿಕ್ಕಿ ಹೊಡೆಸುತ್ತಾರೆ. ಆಗ ಸಿಡಿಯುವ ಕಣಗಳನ್ನು ಎಣಿಸುವುದು ಹೇಗೆ?

1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬುವರು ಕತ್ತಲೆ ಕೋಣೆಯಲ್ಲಿ ಕುಳಿತು ಕಣ್ಣಿನಿಂದಲೇ ಎಣಿಸಿದರು. ಆಲ್ಫಾ ಕಣವು ಪರದೆಗೆ ತಾಗಿದಾಗ ಮಿಣುಕು ಬೆಳಕು ಕಾಣುತ್ತಿತ್ತು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ರೆಪ್ಪೆ ಬಡಿದರೆ ಲೆಕ್ಕ ತಪ್ಪುತ್ತಿತ್ತು! ಇಂದು ಆ ಕೆಲಸವನ್ನು ಸಿಲಿಕಾನ್ ಮಾಡುತ್ತದೆ.

ಮರಳಿನಲ್ಲಿ ಸಿಲಿಕಾನ್ ಇದೆ. ಅದನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಹರಳಾಗಿ ಬೆಳೆಸಿ, ತೆಳುವಾದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಕಣವು ಬಿಲ್ಲೆಯನ್ನು ಹೊಕ್ಕರೆ ಒಳಗಿನ ಎಲೆಕ್ಟ್ರಾನುಗಳು ಸಡಿಲಗೊಳ್ಳುತ್ತವೆ. ಅಮೆರಿಸಿಯಂ ಎಂಬ ಲೋಹದಿಂದ ಬರುವ ಒಂದೇ ಆಲ್ಫಾ ಕಣವು ಸುಮಾರು 15 ಲಕ್ಷ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅವು ಹರಿದಾಗ ಪುಟ್ಟ ವಿದ್ಯುತ್ ಸಂಕೇತ ಹುಟ್ಟುತ್ತದೆ.

ಕಣ ಎಲ್ಲಿ ಬಿತ್ತು ಎಂಬುದೂ ತಿಳಿಯಬೇಕಲ್ಲವೆ? ಸೊಲ್ಲಾಪುರದ ಮಗ್ಗವನ್ನು ನೆನೆಯಿರಿ. ಹಾಸಿನ ಎಳೆ ಉದ್ದಕ್ಕೆ, ಹೊಕ್ಕಿನ ಎಳೆ ಅಡ್ಡಕ್ಕೆ. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ‘ಹೈರಾ’ ಎಂಬ ಸಾಧನವನ್ನು ಕಟ್ಟಿದರು. ಅದರಲ್ಲಿ 20 ಘಟಕಗಳು. ಪ್ರತಿ ಘಟಕದ ದಪ್ಪ ಬಿಲ್ಲೆಯ ಮುಂಬದಿಯಲ್ಲಿ 32 ಪಟ್ಟಿಗಳು ಉದ್ದಕ್ಕೆ, ಹಿಂಬದಿಯಲ್ಲಿ 32 ಪಟ್ಟಿಗಳು ಅಡ್ಡಕ್ಕೆ ಇವೆ. ಹೀಗೆ 1024 ಮನೆಗಳಾದವು. ಎರಡೂ ಬದಿಯ ಯಾವ ಪಟ್ಟಿಗಳು ಸಂಕೇತ ಕೊಟ್ಟವೋ ಅವು ಕೂಡುವ ಮನೆಯಲ್ಲಿ ಕಣ ಬಿದ್ದಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲೂ ಪಟ್ಟಿಯುಳ್ಳ ಬಿಲ್ಲೆಗಳು ತಯಾರಾಗಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಕ್ಕೆ ಹೋಗಿವೆ.

ಕಟ್ಟುವುದಕ್ಕಿಂತ ಪರೀಕ್ಷಿಸುವುದೇ ತಾಳ್ಮೆಯ ಕೆಲಸ. ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರು, ಧೂಳು ತಾಗಿದರೆ ವಿದ್ಯುತ್ ಸೋರತೊಡಗುತ್ತದೆ. ಪಟ್ಟಿಗಳಿಗೆ ಜೋಡಿಸಿದ ತಂತಿಗಳು ಕೂದಲಿಗಿಂತ ತೆಳು. ತುಸು ತಗುಲಿದರೂ ತುಂಡಾಗುತ್ತವೆ. ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟು ಗಾಳಿಯನ್ನೆಲ್ಲ ಹೊರತೆಗೆಯುತ್ತಾರೆ. ಏಕೆಂದರೆ ಆಲ್ಫಾ ಕಣ ಗಾಳಿಯಲ್ಲಿ ನಾಲ್ಕಾರು ಸೆಂಟಿಮೀಟರ್ ಹೋಗುವಷ್ಟರಲ್ಲಿ ನಿಂತುಬಿಡುತ್ತದೆ. ಬೆಳಕೂ ಒಳಗೆ ಬರಬಾರದು. ಸೌರದೀಪದ ಫಲಕದಂತೆ ಈ ಸಿಲಿಕಾನ್ ಕೂಡ ಬೆಳಕಿಗೆ ವಿದ್ಯುತ್ ಹುಟ್ಟಿಸುತ್ತದೆ. ಆ ಗದ್ದಲದಲ್ಲಿ ಕಣದ ಸಣ್ಣ ದನಿ ಕೇಳುವುದೆಂತು?

ಬಳಿಕ ಶಕ್ತಿ ಗೊತ್ತಿರುವ ಆಲ್ಫಾ ಕಣಗಳನ್ನು ಹಾಯಿಸಿ, ಒಂದೊಂದು ಪಟ್ಟಿಯೂ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ನೋಡುತ್ತಾರೆ. ಅಂಗಡಿಯವರು ತಕ್ಕಡಿಗೆ ಮೊದಲು ಗೊತ್ತಿರುವ ತೂಕದ ಬೊಟ್ಟು ಇಟ್ಟು ನೋಡುವಂತೆ. ಒಂದು ಪಟ್ಟಿ ಮೂಕವಾದರೆ ಅದರ 32 ಮನೆಗಳೂ ಕುರುಡು. ಅಪರೂಪದ ಬೀಜಕೇಂದ್ರಗಳ ಪ್ರಯೋಗದಲ್ಲಿ ದಿನವಿಡೀ ಕಾದರೂ ಬೇಕಾದ ಕಣಗಳು ಬೆರಳೆಣಿಕೆಯಷ್ಟೇ ಸಿಗಬಹುದು. ಅವು ಆ ಕುರುಡು ಮನೆಗೇ ಬಿದ್ದರೆ?

ಅಭ್ಯಾಸ
1. ಬಿಲ್ಲೆಯನ್ನು ಕತ್ತಲೆಯಲ್ಲಿ ಏಕೆ ಪರೀಕ್ಷಿಸುತ್ತಾರೆ?
2. ಹೈರಾದ 20 ಘಟಕಗಳಲ್ಲಿ ಒಟ್ಟು ಎಷ್ಟು ಮನೆಗಳು? ಲೆಕ್ಕ ಮಾಡಿರಿ.