ಮೊದಲು ಪಹಣಿ ಓದು, ಆಮೇಲೆ ಟೇಬಲ್ ಬರೆ

ಪ್ರೀತಿಯ ಪುಟ್ಟಿ,

ಇನ್ಫರ್ಮೇಶನ್ ಸಿಸ್ಟಮ್ ವಿನ್ಯಾಸ ಮಾಡುವುದನ್ನು ಕಲಿಯಬೇಕು, ಯಾವ ಡೇಟಾಬೇಸ್‌ನಿಂದ ಶುರುಮಾಡಲಿ ಎಂದು ಕೇಳಿದ್ದೀಯ. ನಿನ್ನ ವಯಸ್ಸಿನ ಬಹಳ ಮಕ್ಕಳು ಇದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲರೂ ಓದಲೆಂದೇ ಈ ಉತ್ತರ ಬರೆಯುತ್ತಿದ್ದೇನೆ. ಡೇಟಾಬೇಸ್ ಯಾವುದಾದರೂ ನಡೆದೀತು. ಮೊದಲು ನಾಡಕಚೇರಿಗೆ ಹೋಗಿ ನಮ್ಮ ಜಮೀನಿನ ಪಹಣಿ, ಅಂದರೆ ಹಕ್ಕು ಮತ್ತು ಸಾಗುವಳಿಯ ದಾಖಲೆ, ತೆಗೆಸು. ಆ ಹಾಳೆಯನ್ನು ಕಾಲಂ ಕಾಲಂ ಆಗಿ ಓದು.

ವಿಸ್ತೀರ್ಣ 1.20 ಎಂದಿದ್ದರೆ ಅದು ದಶಮಾಂಶವಲ್ಲ, ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಒಂದೂವರೆ ಎಕರೆ. ಅದಕ್ಕೆ 0.30 ಕೂಡಿಸಿದರೆ ಬರುವುದು ಎರಡು ಎಕರೆ ಹತ್ತು ಗುಂಟೆ. ಗುಂಟೆಯ ಕೆಳಗೆ ಆಣೆಯಿದೆ, 16 ಆಣೆಗೆ ಒಂದು ಗುಂಟೆ. ಸರ್ವೆ ನಂಬರ್ ಹೆಸರಿಗಷ್ಟೇ ನಂಬರ್. 45/2ಅ ಎಂಬ ಹಿಸ್ಸಾವನ್ನು ಅಂಕಿಯ ಖಾನೆಯಲ್ಲಿ ತುರುಕಲು ಬರುವುದಿಲ್ಲ. ಪಹಣಿಯಲ್ಲಿ ‘ಸಿದ್ದಪ್ಪ ಬಿನ್ ಕರಿಯಪ್ಪ’ ಇದ್ದವನು ಕ್ರಯಪತ್ರದಲ್ಲಿ ‘ಸಿದ್ಧಪ್ಪ ಕೆ.’ ಆಗಿರುತ್ತಾನೆ. ಊರಿಗೆ ಅವನು ಒಬ್ಬನೇ, ಕಂಪ್ಯೂಟರಿಗೆ ಇಬ್ಬರು. ಒಂಬತ್ತನೇ ಕಾಲಂನಲ್ಲಿ ಖಾತೆದಾರರು, ಹನ್ನೊಂದರಲ್ಲಿ ಋಣ, ಹನ್ನೆರಡರಲ್ಲಿ ಸಾಗುವಳಿ. ಒಬ್ಬ ರೈತನಿಗೆ ಹಲವು ಸರ್ವೆ ನಂಬರ್, ಒಂದೇ ಸರ್ವೆ ನಂಬರಿಗೆ ಹಲವರು ಜಂಟಿ ಖಾತೆದಾರರು.

ಇಂಥ ಸಂಬಂಧಗಳನ್ನು ಟೇಬಲ್‌ಗಳಲ್ಲಿ ಕೂರಿಸಲು ಐಬಿಎಂನ ಎಡ್ಗರ್ ಕಾಡ್ 1970ರ ಪ್ರಬಂಧದಲ್ಲಿ ಮಂಡಿಸಿದ ನಾರ್ಮಲೈಸೇಶನ್ ಪಠ್ಯಪುಸ್ತಕದಲ್ಲಿ ಒಣಒಣವಾಗಿ ಕಾಣುತ್ತದೆ. ರೈತನ ಹೆಸರನ್ನು ಆರು ಕಡೆ ಬರೆದಿಟ್ಟು, ತಿದ್ದುವ ದಿನ ಐದು ಕಡೆ ಮಾತ್ರ ತಿದ್ದಿದೆವೆನ್ನು. ಆರನೆಯದನ್ನು ಬ್ಯಾಂಕಿಗೆ ಒಯ್ದವನಿಗೆ ಬೆಳೆಸಾಲ ಸಿಗುವುದಿಲ್ಲ. ಒಂದು ಸಂಗತಿ ಒಂದೇ ಕಡೆ ಇರಲಿ ಎಂಬ ನಾರ್ಮಲೈಸೇಶನ್ ನಿಯಮ ಕಾಪಾಡುವುದು ಅವನನ್ನು.

ಇದೆಲ್ಲ ದಾಖಲೆಯನ್ನು ಇಟ್ಟುಕೊಳ್ಳುವ ಮಾತಾಯಿತು. ನೀನು ಹೆಚ್ಚು ಯೋಚಿಸಬೇಕಾದ್ದು ಅದು ಬದಲಾಗುವ ಬಗೆಯನ್ನು. 1990ರ ದಶಕದ ಆರಂಭದಲ್ಲೇ ಕರ್ನಾಟಕದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನ ನಡೆದಿತ್ತು. ಹಳೆಯ ದಾಖಲೆ ಟೈಪಾಯಿತು. ಆದರೆ ತಾಲ್ಲೂಕಿನಲ್ಲಿ ದಿನದಿನವೂ ಬರುವ ಮ್ಯುಟೇಶನ್‌ಗಳನ್ನು, ಅಂದರೆ ಹಕ್ಕು ಬದಲಾವಣೆಗಳನ್ನು, ಅಲ್ಲೇ ಸೇರಿಸುವ ಏರ್ಪಾಡು ಇರಲಿಲ್ಲ. ಕ್ರಯ, ಪೌತಿ, ವಿಭಾಗ, ಅಡಮಾನ ಯಾರಿಗಾಗಿ ಕಾಯುತ್ತವೆ? ಗ್ರಾಮ ಲೆಕ್ಕಿಗರ ಪುಸ್ತಕ ಮುಂದೆ ಸಾಗಿತು, ಕಂಪ್ಯೂಟರಿನ ಪಹಣಿ ಹಳಸಿತು.

ಆಮೇಲೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಗೆದ್ದದ್ದು ಇಲ್ಲೇ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವ, ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಬರೆದ ತಂತ್ರಾಂಶ, ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು. ಅದರ ಗಾತ್ರಕ್ಕಿಂತ ಅಲ್ಲಿ ಕೈಗೊಂಡ ಕೆಲವು ತೀರ್ಮಾನಗಳನ್ನು ನೀನು ಕೂತು ಅಭ್ಯಾಸ ಮಾಡಬೇಕು. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿಯಾಗಬೇಕೆಂಬುದನ್ನು ತಂತ್ರಾಂಶದೊಳಗೇ ಕೂರಿಸಿದರು. ಬೇಕಾದವರ ಕಡತವನ್ನು ಮೇಲಕ್ಕೆಳೆಯುವ ದಾರಿ ಮುಚ್ಚಿತು. ಸಿಬ್ಬಂದಿ ಬೆರಳ ಗುರುತು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕು, ‘ಅದನ್ನು ಬದಲಿಸಿದವನು ನಾನಲ್ಲ’ ಎನ್ನುವಂತಿಲ್ಲ. ಕೌಂಟರಿನಲ್ಲಿ ರೈತನ ಕಡೆಗೆ ತಿರುಗಿಸಿದ ಎರಡನೇ ಪರದೆಯಿಟ್ಟರು. ತನ್ನ ದಾಖಲೆಗೆ ಏನಾಗುತ್ತಿದೆ ಎಂದು ದಾಖಲೆಯ ಒಡೆಯ ನೋಡಬೇಕು ಎಂಬುದನ್ನು ವಿನ್ಯಾಸದಲ್ಲೇ ಒಪ್ಪಿಕೊಂಡದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ಶುರುವಾದ ಮೇಲೆ ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಮಾಡಿದರು. ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತಿದ್ದರೆ ಜನ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ. ಯಾವ ದಿನ ದಾಟಬೇಕು, ದಾಟುವ ಮೊದಲು ಅಚ್ಚಾದ ಪ್ರತಿಗಳನ್ನು ಯಾರು ತಾಳೆ ನೋಡಬೇಕು ಎಂದು ಗೊತ್ತುಮಾಡುವುದೂ ವಿನ್ಯಾಸದ ಕೆಲಸವೇ.

ಭೂಮಿಗೆ ಟೀಕೆಯೂ ಬಂದಿದೆ, ಅದನ್ನೂ ಓದು. ಬೆಂಗಳೂರಿನ ಸುತ್ತಲಿನ ಜಮೀನನ್ನು ಅಭ್ಯಾಸ ಮಾಡಿದ ಸಂಶೋಧಕರು 2007ರಲ್ಲಿ, ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿದರು. ಕೋಡ್ ಸರಿಯಾಗಿದೆ ಎಂದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಬದಲಾವಣೆಯ ಲೆಕ್ಕ ಕೈತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ಬ್ರಿಟನ್ನಿನ ಅಂಚೆ ಸಂಸ್ಥೆಯ ‘ಹೊರೈಜನ್’ ಕಥೆ ಓದು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಬಂದ ಆ ಲೆಕ್ಕದ ವ್ಯವಸ್ಥೆ ಇಲ್ಲದ ಕೊರತೆಗಳನ್ನು ತೋರಿಸಿತು. ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳ ಮೇಲೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ತಂತ್ರಾಂಶದಲ್ಲಿ ದೋಷಗಳಿದ್ದವು, ದೂರದಿಂದಲೇ ಶಾಖೆಯ ಲೆಕ್ಕವನ್ನು ಬದಲಿಸಲೂ ಸಾಧ್ಯವಿತ್ತು ಎಂದು ನ್ಯಾಯಾಲಯ ಹೇಳಿದ್ದು 2019ರಲ್ಲಿ. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ಪರದೆ ಹೇಳಿದ್ದೇ ನಿಜ ಎಂದು ಮೇಲಿನವರು ನಂಬಿದರು. ಕೆಳಗಿದ್ದವರಿಗೆ ಅದನ್ನು ಪ್ರಶ್ನಿಸಲು ದಾರಿಯಿರಲಿಲ್ಲ. ನೀನು ಬರೆಯುವ ಪ್ರತಿ ಟೇಬಲ್‌ನಲ್ಲಿ ಯಾರು, ಯಾವಾಗ, ಯಾವ ಆದೇಶದ ಮೇಲೆ ಬದಲಿಸಿದರು ಎಂಬುದು ಅಳಿಸಲಾಗದಂತೆ ಇರಲಿ. ಅದನ್ನು ಮೊದಲ ದಿನವೇ ಸೇರಿಸು. ಆಮೇಲೆ ಸೇರಿಸುತ್ತೇವೆ ಎಂದವರು ಸೇರಿಸಿದ್ದು ಕಡಿಮೆ.

ಈಗ ನಿನಗೊಂದು ಕೆಲಸ. ಖಾತೆದಾರ ತೀರಿಕೊಂಡಿದ್ದಾನೆ. ಮೂವರು ಮಕ್ಕಳು: ಒಬ್ಬಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ, ಒಬ್ಬನಿಗೆ ಇನ್ನೂ ಹದಿನೆಂಟಾಗಿಲ್ಲ, ಮತ್ತೊಬ್ಬ ಜಮೀನು ಉಳುತ್ತಿದ್ದಾನೆ. ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲವಿದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಕೊಡಲು ಅರ್ಜಿ ಬಿದ್ದಿದೆ. ನೋಟಿಸ್ ಅವಧಿ ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ಮಗಳ ಹೆಸರು ಬಿಟ್ಟುಹೋಗಿದೆ ಎಂದು ತಕರಾರು ಬಂದಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಕಾಗದದ ಮೇಲೆ ಬರೆ: ಪ್ರತಿ ಹಂತದಲ್ಲಿ ಯಾವ ಸಾಲು ಬದಲಾಗುತ್ತದೆ, ಯಾವುದು ಬದಲಾಗಕೂಡದು, ಯಾರ ಆದೇಶ ಬೇಕು, ನಡುವೆ ಕರೆಂಟು ಹೋದರೆ ಅರ್ಧ ಆದ ಕೆಲಸ ಏನಾಗುತ್ತದೆ. ಬರೆದು ಕಳಿಸು. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರಿದ್ದಾರೆ. ಅವರಿಗೆ ತೋರಿಸಿ, ಅವರು ಎತ್ತುವ ಆಕ್ಷೇಪಗಳನ್ನು ಅಂಚಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ