ಗೋವಾ ಕ್ಯಾಸಿನೊಗೆ ಮೊದಲ ಸಲವೇ? ಲೆಕ್ಕ ಮನೆಯಲ್ಲೇ ಮುಗಿಸಿ ಹೊರಡಿ

ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳ ದೀಪ ಕಂಡೊಡನೆ ‘ಒಂದು ಸಲ ಒಳಗೆ ಹೋಗಿ ನೋಡೋಣ’ ಎನ್ನುವವರು ಪ್ರವಾಸದ ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದರೆ, ಕಾರವಾರದಲ್ಲಿ ಕಾಳಿ ಸೇತುವೆ ದಾಟಿದರೆ ಕೆಲವೇ ಗಂಟೆಗಳ ಹಾದಿ. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಹಣ ಕಟ್ಟಿ ಅಂದರ್ ಬಾಹರ್ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಬೀಳುತ್ತದೆ. ಗೋವಾದಲ್ಲಿ ಹಾಗಲ್ಲ. ಅಲ್ಲಿನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಯಂತ್ರಗಳಿಗೆ, 1996ರಲ್ಲಿ ಮತ್ತೆ ತಿದ್ದಿ ಹಡಗುಗಳ ಮೇಲಿನ ಟೇಬಲ್ ಆಟಗಳಿಗೆ ಅವಕಾಶ ಕೊಡಲಾಯಿತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತನ್ನದೇ ರಾಜ್ಯದ ಜನ ಕ್ಯಾಸಿನೊದಲ್ಲಿ ಆಡುವುದನ್ನು ಗೋವಾ ಸರ್ಕಾರ 2020ರ ಫೆಬ್ರುವರಿಯಿಂದ ನಿರ್ಬಂಧಿಸಿದೆ. ಅಂದರೆ ಆ ಟೇಬಲ್‌ಗಳ ಮೇಲೆ ಬೀಳುವ ಹಣ ಹೊರಗಿನಿಂದ ಹೋದ ನಮ್ಮಂಥವರದು.

ಹೋಗಲೇಬೇಡಿ ಎಂದು ಹೇಳಿದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋಗುವವರು ಹೋಗಿಯೇ ಹೋಗುತ್ತಾರೆ. ಅವರಿಗೆ ಹೇಳಬೇಕಾದದ್ದು ಇಷ್ಟು: ಎಷ್ಟು ಹಣ, ಎಷ್ಟು ಹೊತ್ತು, ಯಾವ ಆಟ ಎಂಬ ಮೂರೂ ತೀರ್ಮಾನ ಮನೆಯಲ್ಲೇ ಆಗಬೇಕು. ಹಡಗು ಹತ್ತಿದ ಮೇಲೆ ಆಗುವ ತೀರ್ಮಾನಗಳು ಹೆಚ್ಚಾಗಿ ನಿಮ್ಮ ಕೈಯಲ್ಲಿರುವುದಿಲ್ಲ.

ಮೊದಲು, ನೀವು ಹೋಗಬಹುದೇ?

ವಯಸ್ಸು 21 ತುಂಬಿರಬೇಕು, ಗುರುತಿನ ಚೀಟಿ ಇರಬೇಕು. ಇದು ಬಾಗಿಲಲ್ಲಿ ಅವರು ನೋಡುವುದು. ನೀವೇ ನೋಡಿಕೊಳ್ಳಬೇಕಾದದ್ದು ಬೇರೆ. ಕೈಸಾಲ, ಚಿನ್ನದ ಗಿರವಿ, ಕ್ರೆಡಿಟ್ ಕಾರ್ಡ್ ಬಾಕಿ ತಲೆಯ ಮೇಲಿದ್ದು, ‘ಒಂದು ಕೈ ಹೊಡೆದರೆ ತೀರಿಸಿಬಿಡಬಹುದು’ ಎಂಬ ಆಸೆ ಮೂಲೆಯಲ್ಲೆಲ್ಲೋ ಇದ್ದರೆ ಹೋಗಬೇಡಿ. ಕೆಲಸ ಕಳೆದುಕೊಂಡ, ಮನೆಯಲ್ಲಿ ಸಾವಾದ, ಸಂಸಾರದಲ್ಲಿ ಜಗಳ ನಡೆಯುತ್ತಿರುವ ದಿನಗಳಲ್ಲೂ ಬೇಡ. ಇಸ್ಪೀಟು, ಮಟ್ಕಾ, ಮೊಬೈಲ್ ಬೆಟ್ಟಿಂಗ್‌ಗಳಲ್ಲಿ ಹಿಂದೆ ಕೈ ಸುಟ್ಟುಕೊಂಡವರಿಗಂತೂ ಅಲ್ಲಿಗೆ ಕಾಲಿಡುವುದೇ ಅಪಾಯ.

ಹೆಚ್ಚಿನವರಿಗೆ ತಿಳಿಯದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳು ಕೆಲವರಲ್ಲಿ ಜೂಜಿನ ಹಂಬಲವನ್ನು ವಿಪರೀತವಾಗಿ ಕೆರಳಿಸುತ್ತವೆ. ಜನ್ಮದಲ್ಲಿ ಎಲೆ ಮುಟ್ಟದವರೂ ಹೀಗೆ ಸಿಕ್ಕಿಬಿದ್ದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಮನೆಯ ಹಿರಿಯರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಜೊತೆಗೆ ಕರೆದೊಯ್ಯುವ ಮುನ್ನ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹಣ ಎಣಿಸಿಡಿ, ಕಾರ್ಡು ಬಿಟ್ಟು ಬನ್ನಿ

ಪೂರ್ತಿ ಹೋದರೂ ಮುಂದಿನ ತಿಂಗಳ ಬಾಡಿಗೆ, ಇಎಂಐ, ಮಕ್ಕಳ ಫೀಸು ಯಾವುದಕ್ಕೂ ತೊಂದರೆಯಾಗದ ಮೊತ್ತ ಯಾವುದೋ ಅದೇ ನಿಮ್ಮ ಮಿತಿ. ಅದು ಎರಡು ಸಾವಿರವಾದರೆ ಎರಡೇ ಸಾವಿರ. ಮನೆಯಿಂದ ಹೊರಡುವಾಗಲೇ ಆ ಹಣ ಖರ್ಚಾಯಿತೆಂದು ಬರೆದುಕೊಳ್ಳಿ. ಎಷ್ಟು ಒಯ್ಯುತ್ತಿದ್ದೀರಿ ಎಂಬುದನ್ನು ಹೆಂಡತಿಗೋ ಗಂಡನಿಗೋ ಹೇಳಿ. ಹೇಳಲು ಮುಜುಗರವಾಗುವಷ್ಟು ದೊಡ್ಡ ಮೊತ್ತವಾಗಿದ್ದರೆ ಅದು ಮಿತಿ ಮೀರಿದೆ ಎಂದೇ ಅರ್ಥ.

ಒಳಗೆ ಕಾರ್ಡ್ ಉಜ್ಜಿದರೂ ಚಿಪ್ (ಹಣದ ಬದಲು ಟೇಬಲ್ ಮೇಲೆ ಇಡುವ ಬಿಲ್ಲೆ) ಸಿಗುತ್ತದೆ. ಆದ್ದರಿಂದ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಹೋಟೆಲ್ ಕೋಣೆಯಲ್ಲೇ ಇರಲಿ. ಯುಪಿಐ ದಿನದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಳಿಸಿಡಿ. ಗೆಳೆಯರ ಜೊತೆ ಹೋಗುವಾಗ ಒಂದು ಮಾತು ಮೊದಲೇ ಆಗಲಿ: ಒಳಗೆ ಯಾರೂ ಯಾರಿಗೂ ಕೈಗಡ ಕೊಡುವಂತಿಲ್ಲ. ಬಹಳ ಸ್ನೇಹಗಳು ಕೆಟ್ಟಿರುವುದು ಸೋಲಿನಿಂದಲ್ಲ, ರಾತ್ರಿ ಎರಡು ಗಂಟೆಗೆ ಕೊಟ್ಟ ಕೈಗಡದಿಂದ.

ಇನ್ನು ತೆರಿಗೆ. ಪ್ಯಾಕೇಜಿನ ಬಣ್ಣದ ಜಾಹೀರಾತು ನೋಡಿ ಹೋಗುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿಪ್ ಕೊಳ್ಳಲು ಕೊಡುವ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ತೆರಿಗೆ ಸೇರಿಸಿಯೇ ಲೆಕ್ಕ ಹಾಕಿದರೆ ನೀವು ಕೊಟ್ಟ 10,000 ರೂಪಾಯಿಯಲ್ಲಿ ಚಿಪ್‌ಗೆ ಉಳಿಯುವುದು ಸುಮಾರು 7,140 ರೂಪಾಯಿ. ಆಡದೆ ಚಿಪ್ ಹಿಂದಿರುಗಿಸಿದರೂ ತೆರಿಗೆ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಕೌಂಟರಿನಲ್ಲಿ ಹಣ ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿ: ‘ನಾನು ಕೊಡುವ ಈ ಹಣಕ್ಕೆ ಎಷ್ಟು ಮೌಲ್ಯದ ಚಿಪ್ ಬರುತ್ತದೆ? ಅದರಲ್ಲಿ ವಾಪಸ್ ಕೊಟ್ಟು ನಗದು ಮಾಡಿಕೊಳ್ಳಬಹುದಾದದ್ದು ಎಷ್ಟು?’ ಪ್ರವೇಶ ಪ್ಯಾಕೇಜಿನ ಜೊತೆ ಸಿಗುವ ಚಿಪ್‌ಗಳು ಸಾಮಾನ್ಯವಾಗಿ ಒಂದು ಸಲ ಆಡಲು ಮಾತ್ರ, ನಗದಾಗುವುದಿಲ್ಲ. ‘ಎರಡು ಸಾವಿರ ಕೊಟ್ಟರೆ ಸಾವಿರದ ಚಿಪ್ ಉಚಿತ’ ಎಂಬ ಮಾತಿನ ಒಳಗುಟ್ಟು ಇಲ್ಲಿದೆ.

ಗೆದ್ದರೆ ಆದಾಯ ತೆರಿಗೆ ಶೇ 30, ಅದರ ಮೇಲೆ ಸೆಸ್. ಸೋತ ಹಣವನ್ನು ಗೆದ್ದ ಹಣದಿಂದ ಕಳೆದು ಲೆಕ್ಕ ತೋರಿಸುವಂತಿಲ್ಲ. ನಿಮ್ಮ ಆದಾಯ ತೆರಿಗೆ ಮಿತಿಗಿಂತ ಕಡಿಮೆಯಿದ್ದರೂ ಈ ಗೆಲುವಿಗೆ ವಿನಾಯಿತಿಯಿಲ್ಲ.

ಆಟದ ಲೆಕ್ಕ

ಕ್ಯಾಸಿನೊ ಮೋಸ ಮಾಡಿ ಗೆಲ್ಲುತ್ತದೆ ಎಂದು ಹಲವರ ನಂಬಿಕೆ. ಅದಕ್ಕೆ ಮೋಸದ ಅಗತ್ಯವೇ ಇಲ್ಲ. ರೂಲೆಟ್ ಚಕ್ರವನ್ನೇ ನೋಡಿ. ಒಂದು ಸೊನ್ನೆಯ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳು. ಒಂದು ಸಂಖ್ಯೆಯ ಮೇಲೆ 100 ರೂಪಾಯಿ ಇಟ್ಟು ಗೆದ್ದರೆ ಸಿಗುವುದು 35 ಪಟ್ಟು. ನ್ಯಾಯವಾಗಿ ಸಿಗಬೇಕಾದದ್ದು 36 ಪಟ್ಟು. ಆ ಒಂದು ಪಟ್ಟಿನ ವ್ಯತ್ಯಾಸವೇ ಕ್ಯಾಸಿನೊದ ಪಾಲು, ಇಟ್ಟ ಹಣದ ಶೇ 2.7. ಎರಡು ಸೊನ್ನೆಯ ಚಕ್ರವಾದರೆ ಅದು ಶೇ 5.26ಕ್ಕೆ ಏರುತ್ತದೆ. ಹಾಗಾಗಿ ಕೂರುವ ಮುಂಚೆ ಚಕ್ರದಲ್ಲಿ ಸೊನ್ನೆ ಎಷ್ಟಿದೆ ನೋಡಿ.

ಶೇ 2.7 ಸಣ್ಣದಾಗಿ ಕಾಣುತ್ತದೆ. ಆದರೆ ಅದು ನೀವು ತಂದ ಹಣದ ಮೇಲಲ್ಲ, ಇಟ್ಟ ಪ್ರತಿ ಪಣದ ಮೇಲೂ ಬೀಳುವ ಕತ್ತರಿ. ಒಂದೊಂದು ಸುತ್ತಿಗೆ 500 ರೂಪಾಯಿಯಂತೆ ಗಂಟೆಗೆ 40 ಸುತ್ತು ಆಡಿದರೆ ನೀವು ಇಟ್ಟ ಪಣ 20,000 ರೂಪಾಯಿ. ಸರಾಸರಿ ನಷ್ಟ ಗಂಟೆಗೆ 540. ಆರು ಗಂಟೆ ಕೂತರೆ 3,240. ಒಂದು ದಿನ ಗೆಲ್ಲಬಹುದು, ಇನ್ನೊಂದು ದಿನ ಇದರ ಐದು ಪಟ್ಟು ಸೋಲಬಹುದು. ಆದರೆ ಕೂತಷ್ಟು ಹೊತ್ತೂ ಲೆಕ್ಕ ಈ ಸರಾಸರಿಯ ಕಡೆಗೇ ಜಾರುತ್ತಿರುತ್ತದೆ. ಸಣ್ಣ ಪಣ, ನಿಧಾನದ ಟೇಬಲ್, ನಡುನಡುವೆ ಎದ್ದು ಓಡಾಡುವುದು, ಹೊಸಬರ ಮಟ್ಟಿಗೆ ಇವಕ್ಕಿಂತ ದೊಡ್ಡ ಉಪಾಯ ಬೇರಿಲ್ಲ.

ನಮ್ಮವರು ನೇರವಾಗಿ ಹೋಗಿ ಕೂರುವುದು ಅಂದರ್ ಬಾಹರ್ ಟೇಬಲ್‌ಗೆ. ಯುಗಾದಿಗೆ ಊರ ಕಟ್ಟೆಯ ಮೇಲೆ ಆಡಿದ ಆಟ, ಗೊತ್ತಿರುವ ಆಟ ಎಂಬ ಧೈರ್ಯ. ಈ ಧೈರ್ಯದ ಬಗ್ಗೆಯೇ ನನಗೆ ಭಯ. ಮೊದಲ ಎಲೆ ಯಾವ ಕಡೆಗೆ ಬೀಳುತ್ತದೋ ಆ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ 51.5. ಅದನ್ನು ಸರಿದೂಗಿಸಲು ಆ ಕಡೆಯ ಗೆಲುವಿಗೆ ನೂರಕ್ಕೆ ತೊಂಬತ್ತೇ ಕೊಡುವುದು ರೂಢಿ. ಹೀಗಾಗಿ ಒಂದು ಕಡೆ ಕ್ಯಾಸಿನೊದ ಪಾಲು ಶೇ 2.15, ಇನ್ನೊಂದು ಕಡೆ ಶೇ 3. ಎರಡೂ ಕಡೆ ನಿಮಗೆ ನಷ್ಟವೇ. ಆಟ ಗೊತ್ತಿರುವುದರಿಂದ ಎಲೆ ಬದಲಾಗುವುದಿಲ್ಲ, ಪಣ ಮಾತ್ರ ದೊಡ್ಡದಾಗುತ್ತದೆ.

ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕಡೆಗಳಿರುವ ಎಲೆಯಾಟ ಬಕಾರಾದಲ್ಲಿ ಬ್ಯಾಂಕರ್ ಮೇಲಿನ ಪಣದಲ್ಲಿ ಕ್ಯಾಸಿನೊದ ಪಾಲು ಶೇ 1.06, ಪ್ಲೇಯರ್ ಮೇಲೆ ಶೇ 1.24. ಅದೇ ಟೇಬಲ್‌ನಲ್ಲಿ ಎಂಟು ಪಟ್ಟು ಕೊಡುವ ‘ಟೈ’ (ಎರಡೂ ಕಡೆ ಸಮ) ಮೇಲೆ ಶೇ 14ಕ್ಕೂ ಹೆಚ್ಚು. ಹೆಚ್ಚು ಪಟ್ಟು ಕೊಡುತ್ತೇವೆ ಎನ್ನುವ ಪಕ್ಕದ ಪಣಗಳೆಲ್ಲ ಬಹುತೇಕ ಹೀಗೆಯೇ, ಮುಟ್ಟಬೇಡಿ. ಸ್ಲಾಟ್ ಯಂತ್ರಗಳಲ್ಲಿ ಗಂಟೆಗೆ ನೂರಾರು ಸಲ ಗುಂಡಿ ಒತ್ತಬಹುದು. ಪ್ರತಿ ಸಲಕ್ಕೆ ಹತ್ತೇ ರೂಪಾಯಿಯಾದರೂ 500 ಸಲಕ್ಕೆ ಐದು ಸಾವಿರ ತಿರುಗಿರುತ್ತದೆ. ‘ಒಂದು ಚಿತ್ರ ತಪ್ಪಿತು, ಇಲ್ಲದಿದ್ದರೆ ಜಾಕ್‌ಪಾಟ್’ ಎಂದು ಅನಿಸುವುದು ಕೂಡ ಆ ಯಂತ್ರದ ಕೆಲಸವೇ. ಸ್ವಲ್ಪದರಲ್ಲಿ ತಪ್ಪಿದ್ದೂ ಪೂರ್ತಿ ಸೋತದ್ದೂ ಲೆಕ್ಕದಲ್ಲಿ ಒಂದೇ.

ಎರಡು ಭ್ರಮೆಗಳು

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ರೂಲೆಟ್ ಗೋಲಿ ಸತತ 26 ಸಲ ಕಪ್ಪು ಮನೆಗೇ ಬಿತ್ತು. ಇನ್ನೇನು ಕೆಂಪು ಬೀಳಲೇಬೇಕು ಎಂದು ಸುತ್ತ ನೆರೆದವರು ಪ್ರತಿ ಸುತ್ತಿಗೂ ಹೆಚ್ಚು ಹೆಚ್ಚು ಇಟ್ಟು ಅಪಾರ ಹಣ ಕಳೆದುಕೊಂಡರು. ಗೋಲಿಗೆ ಹಿಂದಿನ ಸುತ್ತಿನ ನೆನಪಿಲ್ಲ. ಇಂದಿಗೂ ಟೇಬಲ್ ಪಕ್ಕದ ಪರದೆಯ ಮೇಲೆ ಹಿಂದಿನ ಸುತ್ತುಗಳ ಫಲಿತಾಂಶ ಬೆಳಗುತ್ತಿರುತ್ತದೆ. ಅದನ್ನು ನೋಡಿ ಏನನ್ನೂ ಊಹಿಸಲಾಗದು.

ಎರಡನೆಯದು ‘ಡಬಲ್ ಮಾಡುತ್ತಾ ಹೋದರೆ ಸೋಲೇ ಇಲ್ಲ’ ಎಂಬ ಸಲಹೆ. ಜೊತೆಗೆ ಬಂದ ಅನುಭವಸ್ಥರು ಕಿವಿಯಲ್ಲಿ ಹೇಳುವುದು ಇದನ್ನೇ. 500ರಿಂದ ಶುರುಮಾಡಿ ಸೋತಾಗಲೆಲ್ಲ ಇಮ್ಮಡಿ ಮಾಡಿದರೆ ಏಳು ಸೋಲಿಗೆ 63,500 ರೂಪಾಯಿ ಹೋಗಿರುತ್ತದೆ. ಎಂಟನೆಯ ಪಣ 64,000. ಗೆದ್ದರೂ ಒಟ್ಟು ಲಾಭ ಆ ಮೊದಲ 500 ಮಾತ್ರ. ಕೆಂಪು–ಕಪ್ಪಿನಲ್ಲಿ ಏಳು ಸತತ ಸೋಲಿನ ಸಾಧ್ಯತೆ ಸುಮಾರು 106ಕ್ಕೆ ಒಂದು. ಇಡೀ ರಾತ್ರಿ ಕೂರುವವರಿಗೆ ಅದು ದೂರದ ಮಾತೇನಲ್ಲ. ಅಷ್ಟರೊಳಗೆ ಟೇಬಲ್‌ನ ಗರಿಷ್ಠ ಮಿತಿಯೂ ಅಡ್ಡ ಬರುತ್ತದೆ.

ಒಳಗೆ ಹೋದ ಮೇಲೆ

ಗೋಡೆಯಲ್ಲಿ ಗಡಿಯಾರ ಹುಡುಕಬೇಡಿ. ಕೈಗಡಿಯಾರ ಕಟ್ಟಿಕೊಂಡು ಹೋಗಿ, ಏಕೆಂದರೆ ಟೇಬಲ್ ಬಳಿ ಮೊಬೈಲ್ ಬಳಸಲು ಬಿಡದಿರಬಹುದು. ಎರಡು ಅಥವಾ ಮೂರು ಗಂಟೆ ಎಂದು ಗೊತ್ತುಮಾಡಿಕೊಂಡಿದ್ದರೆ ಆ ಹೊತ್ತಿಗೆ ಗೆದ್ದಿರಲಿ, ಸೋತಿರಲಿ ದಡದ ದೋಣಿ ಹತ್ತಿ. ಮೊದಲ ಅರ್ಧ ಗಂಟೆ ಆಡದೆ ಬರೀ ನೋಡಿ. ನಿಯಮ ತಿಳಿಯದಿದ್ದರೆ ಡೀಲರ್‌ರನ್ನು ಕೇಳಿ, ವಿವರಿಸುತ್ತಾರೆ. ಟೇಬಲ್ ಮೇಲೆ ಕನಿಷ್ಠ ಪಣದ ಫಲಕವಿರುತ್ತದೆ. ನಿಮ್ಮ ಒಟ್ಟು ಹಣದ ಐವತ್ತನೇ ಒಂದು ಭಾಗಕ್ಕಿಂತ ಅದು ಹೆಚ್ಚಿದ್ದರೆ ಆ ಟೇಬಲ್ ನಿಮ್ಮದಲ್ಲ.

ಪ್ಯಾಕೇಜಿನಲ್ಲಿ ಊಟ ಸೇರಿದ್ದರೆ ಚೆನ್ನಾಗಿ ಊಟ ಮಾಡಿ, ಹಾಡು ಕುಣಿತ ನೋಡಿ. ಮದ್ಯವೂ ಅದರಲ್ಲೇ ಬರುತ್ತದೆ, ಆಟ ಮುಗಿಯುವ ತನಕ ಅದನ್ನು ಮುಟ್ಟಬೇಡಿ. ಬುದ್ಧಿ ಮಂಕಾದಾಗ ಮೊದಲು ಕರಗುವುದು ಮನೆಯಲ್ಲಿ ಹಾಕಿಕೊಂಡ ಮಿತಿ. ಕುಡಿದವರು, ನಿದ್ದೆಗೆಟ್ಟವರು ಅದೇ ರಾತ್ರಿ ಅನಮೋಡ ಘಾಟಿ ಹತ್ತುವ ಸಾಹಸವನ್ನಂತೂ ಮಾಡಲೇಬಾರದು.

ಚಿಪ್ ಕೈಯಲ್ಲಿದ್ದಾಗ ಅದು ಹಣ ಎಂದು ಅನಿಸುವುದೇ ಇಲ್ಲ. ಪ್ರತಿ ಸಲ ಇಡುವಾಗ ‘ಇದು ಐನೂರು ರೂಪಾಯಿ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಗೆದ್ದರೆ ತಂದ ಅಸಲಿನಷ್ಟು ಚಿಪ್ ಬೇರೆ ಜೇಬಿಗೆ ಹಾಕಿ, ಅಲ್ಲಿಂದ ತೆಗೆಯಬೇಡಿ. ತಂದದ್ದು ಮುಗಿದರೆ ಆಟವೂ ಮುಗಿಯಿತು. ‘ಹೋದದ್ದನ್ನು ವಾಪಸ್ ತೆಗೆದುಕೊಂಡೇ ಹೋಗುತ್ತೇನೆ’ ಎಂಬ ಮಾತು ತಲೆಯಲ್ಲಿ ಎದ್ದ ಕ್ಷಣವೇ ಎದ್ದುಬಿಡಿ. ಜೂಜಿನಲ್ಲಿ ಮನೆ ಮಾರಿದವರ ಕತೆಗಳೆಲ್ಲ ಈ ಮಾತಿನಿಂದಲೇ ಶುರುವಾಗುತ್ತವೆ.

ವಾಪಸ್ ಬಂದ ಮೇಲೆ ಮೊಬೈಲ್‌ನಲ್ಲಿ ‘ಗೋವಾ ಕ್ಯಾಸಿನೊ ಈಗ ನಿಮ್ಮ ಕೈಯಲ್ಲಿ’ ಎಂಬ ಲಿಂಕ್‌ಗಳು ಬರಬಹುದು. ತೆರೆಯಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂಥ ಆ್ಯಪ್‌ನಲ್ಲಿ ಹಾಕಿದ ಹಣ ಮುಳುಗಿದರೆ ಅದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.

ಮನೆಯವರು ಗಮನಿಸಬೇಕಾದದ್ದು

ಸಿಂಗಪುರದಲ್ಲಿ ಮನೆಯವರೇ ಅರ್ಜಿ ಹಾಕಿ ಜೂಜಿಗೆ ಬಿದ್ದವರನ್ನು ಕ್ಯಾಸಿನೊದಿಂದ ದೂರವಿಡಿಸಬಹುದು. ಅಲ್ಲಿನ ನಾಗರಿಕರೂ ಕಾಯಂ ನಿವಾಸಿಗಳೂ ಒಂದು ದಿನದ ಪ್ರವೇಶಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು. ಇಲ್ಲಿ ಅಂಥ ತಡೆಯನ್ನು ನೆಚ್ಚಿ ಕೂರುವಂತಿಲ್ಲ, ಮನೆಯವರ ಕಣ್ಣೇ ಕಾವಲು. ವಾರಾಂತ್ಯ ಬಂತೆಂದರೆ ಗೋವಾ ಎನ್ನುವುದು, ಎಷ್ಟು ಸೋತೆ ಎಂಬುದನ್ನು ಮುಚ್ಚಿಡುವುದು, ಒಡವೆ ಕಾಣೆಯಾಗುವುದು, ಮೀಟರ್ ಬಡ್ಡಿಯವರ ಫೋನು ಬರುವುದು, ಕೇಳಿದರೆ ಸಿಡುಕುವುದು. ಇವು ಕಂಡರೆ ಅದು ಕೆಟ್ಟ ಚಾಳಿಯಷ್ಟೇ ಎಂದು ಬೈದು ಸುಮ್ಮನಾಗಬೇಡಿ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಮಗನ ಸಾಲವನ್ನು ಗುಟ್ಟಾಗಿ ತೀರಿಸಿ ಮರ್ಯಾದೆ ಉಳಿಸಿಕೊಳ್ಳುವ ತಂದೆ ತಾಯಿಯ ಸಂಕಟ ಅರ್ಥವಾಗುತ್ತದೆ. ಆದರೆ ಚಿಕಿತ್ಸೆಯಿಲ್ಲದೆ ಬರೀ ಸಾಲ ತೀರಿಸಿದರೆ ಮುಂದಿನ ಸಾಲಕ್ಕೆ ದಾರಿಯಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಅಷ್ಟು ದೂರ ಹೋಗಲಾಗದಿದ್ದರೆ, ಅಥವಾ ಯಾರಿಗೂ ಗೊತ್ತಾಗದಂತೆ ಮೊದಲು ಮಾತಾಡಬೇಕೆಂದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಡುವವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.