ಬಂದರಿನ ಪುಟ್ಟ ಉಗಿ ಎಂಜಿನು

ದಖ್ಖನದ ಹತ್ತಿಯು ಪುಣೆಯ ಮಾರ್ಗವಾಗಿ ಮುಂಬಯಿಯ ಹಡಗನ್ನು ಸೇರಬೇಕಾದರೆ ಎರಡು ಬಗೆಯ ಎಂಜಿನುಗಳ ನೆರವು ಅಗತ್ಯವಾಗಿತ್ತು. ಘಟ್ಟವನ್ನು ದಾಟಿಸುವ ದೊಡ್ಡ ಎಂಜಿನು ಒಂದು. ಬಂದರಿನ ಅಂಗಳದಲ್ಲಿ ವ್ಯಾಗನುಗಳನ್ನು ಬೇರ್ಪಡಿಸಿ ಹಡಗುಕಟ್ಟೆಗೆ ಒಯ್ಯುವ ಚಿಕ್ಕ ಎಂಜಿನು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಶಂಟಿಂಗ್ ಎಂದು ಹೆಸರು.

ಮುಂಬಯಿಯಲ್ಲಿ ಉಗಿ ಎಂಜಿನಿನ ಚರಿತ್ರೆಯು ಇಂತಹ ಕೆಲಸದಿಂದಲೇ ಆರಂಭವಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಡುವುದಕ್ಕೆ ಮುನ್ನವೇ, 1852ರಲ್ಲಿ, ‘ಫಾಕ್ಲೆಂಡ್’ ಎಂಬ ಎಂಜಿನನ್ನು ಮಾರ್ಗನಿರ್ಮಾಣದ ಬಂಡಿಗಳನ್ನು ಎಳೆಯಲು ಬಳಸಲಾಗಿತ್ತು. ಅಂದಿನ ಗವರ್ನರರ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಖಂಡಾಲಾ ಮತ್ತು ಪುಣೆಗಳ ನಡುವಣ ಮಾರ್ಗವು 1858ರಲ್ಲಿಯೂ ಭೋರ್ ಘಾಟಿನ ಮಾರ್ಗವು 1863ರಲ್ಲಿಯೂ ತೆರೆಯಲ್ಪಟ್ಟವು. 1890ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಮಾರ್ಗವು ಲೋಂಡಾದಿಂದ ಪುಣೆಯನ್ನು ತಲುಪಿತು. ಇದರಿಂದ ಧಾರವಾಡ ಸೀಮೆಯ ಸರಕಿಗೆ ಮುರ್ಮಗೋವಾ ಬಂದರಿನ ದಾರಿಯೊಂದಿಗೆ ಪುಣೆಯ ದಾರಿಯೂ ದೊರೆಯಿತು. ಆದರೆ ಹಳಿಗಳ ಅಗಲವು ಬೇರೆಯಾದುದರಿಂದ ಪುಣೆಯಲ್ಲಿ ಸರಕನ್ನು ಒಂದು ವ್ಯಾಗನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಗಿತ್ತು.

ಮುಂಬಯಿ ಪೋರ್ಟ್ ಟ್ರಸ್ಟ್ 1873ರಲ್ಲಿ ಸ್ಥಾಪಿತವಾಯಿತು. ಅದರ ಸ್ವಂತ ರೈಲುಮಾರ್ಗವು 1915ರ ಜನವರಿಯಲ್ಲಿ ಕಾರ್ಯಾರಂಭ ಮಾಡಿ, ಹಡಗುಕಟ್ಟೆಗಳನ್ನೂ ಗೋದಾಮುಗಳನ್ನೂ ಮುಖ್ಯ ಮಾರ್ಗಗಳೊಡನೆ ಜೋಡಿಸಿತು.

ಬಂದರಿನ ಎಂಜಿನು ಚಿಕ್ಕದಾಗಿರಲು ಕಾರಣಗಳಿವೆ. ಗೋದಾಮುಗಳ ನಡುವೆ ಹಳಿಯು ತೀವ್ರವಾಗಿ ಬಾಗುತ್ತದೆ. ಚಕ್ರಗಳ ನಡುವಣ ಅಂತರವು ಕಡಿಮೆಯಿದ್ದರೆ ಮಾತ್ರ ಎಂಜಿನು ಅಲ್ಲಿ ಸುಲಭವಾಗಿ ತಿರುಗಬಲ್ಲದು. ಆದುದರಿಂದ ಅತಿ ಚಿಕ್ಕ ಮಾದರಿಗಳಿಗೆ ನಾಲ್ಕೇ ಚಕ್ರಗಳಿರುತ್ತಿದ್ದವು. ನಾಲ್ಕನ್ನೂ ಉಗಿಯೇ ತಿರುಗಿಸುತ್ತಿದ್ದುದರಿಂದ ಎಂಜಿನಿನ ತೂಕವೆಲ್ಲ ಚಾಲಕ ಚಕ್ರಗಳ ಮೇಲೆಯೇ ಬಿದ್ದು ಹಳಿಯ ಮೇಲೆ ಹಿಡಿತವು ಹೆಚ್ಚುತ್ತಿತ್ತು. ನೀರು, ಕಲ್ಲಿದ್ದಲುಗಳನ್ನು ಹೊರಲು ಹಿಂದೆ ಪ್ರತ್ಯೇಕ ಬಂಡಿ ಇರಲಿಲ್ಲ. ನೀರಿನ ತೊಟ್ಟಿಯನ್ನು ಬಾಯ್ಲರಿನ ಎರಡು ಪಕ್ಕಗಳಲ್ಲಿ ಅಥವಾ ಕುದುರೆಯ ಜೀನಿನಂತೆ ಅದರ ಮೇಲೆ ಅಳವಡಿಸಲಾಗುತ್ತಿತ್ತು. ಹೀಗಾಗಿ ಎಂಜಿನು ಮುಂದಕ್ಕೂ ಹಿಂದಕ್ಕೂ ಸಮಾನ ಸೌಕರ್ಯದಿಂದ ಚಲಿಸುತ್ತಿತ್ತು.

ವೇಗವು ಅಲ್ಪವಾಗಿದ್ದರೂ ಅಪಾಯವು ಅಲ್ಪವಾಗಿರಲಿಲ್ಲ. ಬ್ರಾಡ್ ಗೇಜ್ ವ್ಯಾಗನುಗಳ ಕೊಂಡಿಯನ್ನು ಸಿಕ್ಕಿಸಲು ಕೆಲಸಗಾರನು ಎರಡು ವ್ಯಾಗನುಗಳ ನಡುವೆ ನುಸುಳಬೇಕಾಗಿತ್ತು. ಚಾಲಕನು ಅವನನ್ನು ಕಾಣಲಾರನು. ನಡುವೆ ಇದ್ದುದು ಕೈಬಾವುಟ ಅಥವಾ ದೀಪದ ಸಂಕೇತವೊಂದೇ. ಸಂಕೇತವನ್ನು ತಪ್ಪಾಗಿ ಗ್ರಹಿಸಿದರೆ ಬಫರುಗಳ ನಡುವೆ ಒಂದು ಜೀವವು ನಲುಗಿಹೋಗುತ್ತಿತ್ತು.

ಬೆಂಕಿಯ ಭಯವೂ ಇತ್ತು. ಹತ್ತಿಯ ರಾಶಿಯ ಬಳಿ ಹೊಗೆಗೊಳವೆಯ ಒಂದು ಕಿಡಿಯೇ ಸಾಕು. ಇದಕ್ಕಾಗಿ ಕಿಡಿತಡೆಯ ಜಾಲರಿಗಳನ್ನು ಬಳಸುವ ಪದ್ಧತಿಯಿತ್ತು. ಹೊರಗಿನ ಬಾಯ್ಲರಿನಿಂದ ಉಗಿಯನ್ನು ತುಂಬಿಸಿಕೊಂಡು ನಡೆಯುವ, ಒಲೆಯೇ ಇಲ್ಲದ ಎಂಜಿನುಗಳನ್ನೂ ಹಲವು ದೇಶಗಳಲ್ಲಿ ತಯಾರಿಸಲಾಯಿತು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಸ್ಫೋಟಕಗಳನ್ನೂ ಹತ್ತಿಯನ್ನೂ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ತಗುಲಿ ಸಿಡಿದಾಗ ನೂರಾರು ಜನರು ಮಡಿದರು. ಆ ದುರಂತಕ್ಕೂ ಎಂಜಿನುಗಳಿಗೂ ಸಂಬಂಧವಿಲ್ಲವಾದರೂ, ಬಂದರಿನಲ್ಲಿ ಬೆಂಕಿಯ ಎಚ್ಚರವು ಎಷ್ಟು ಮುಖ್ಯವೆಂಬುದನ್ನು ಅದು ತೋರಿಸಿತು.

ಮುಂಬಯಿ ಮತ್ತು ಪುಣೆಗಳ ನಡುವಣ ವಿದ್ಯುದೀಕರಣವು 1929ರಲ್ಲಿ ಪೂರ್ಣಗೊಂಡು, 1930ರ ಜೂನ್ 1ರಂದು ‘ಡೆಕ್ಕನ್ ಕ್ವೀನ್’ ಸಂಚಾರವನ್ನು ಆರಂಭಿಸಿತು. ಆದರೂ ಬಂದರಿನ ಅಂಗಳದಲ್ಲಿ ಉಗಿ ಎಂಜಿನುಗಳು ದುಡಿಯುತ್ತಲೇ ಇದ್ದವು. ಕ್ರೇನುಗಳು ಆಡುವ ಜಾಗದಲ್ಲಿ ವಿದ್ಯುತ್ ತಂತಿಗಳನ್ನು ಮೇಲೆ ಕಟ್ಟುವುದು ಅನುಕೂಲಕರವಲ್ಲ. ಕಾಲಕ್ರಮದಲ್ಲಿ ಡೀಸೆಲ್ ಎಂಜಿನುಗಳು ಆ ಸ್ಥಾನವನ್ನು ಪಡೆದವು.

ಚಿಕ್ಕ ಎಂಜಿನುಗಳಲ್ಲಿ ಅನೇಕವು ಕಬ್ಬಿಣದ ಗುಜರಿಯನ್ನು ಸೇರಿದವು. ಉಗಿಯುಗದ ಪರಿಚಯವನ್ನು ಇಂದಿಗೂ ಉಳಿಸುವ ಕಾರ್ಯವನ್ನು 1977ರಲ್ಲಿ ದೆಹಲಿಯಲ್ಲಿಯೂ 1979ರಲ್ಲಿ ಮೈಸೂರಿನಲ್ಲಿಯೂ ತೆರೆಯಲಾದ ರೈಲು ವಸ್ತುಸಂಗ್ರಹಾಲಯಗಳು ಮಾಡುತ್ತಿವೆ. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯವು ಓಡುವ ಮಾದರಿಗಳ ಮೂಲಕ ರೈಲಿನ ಲೋಕವನ್ನು ಮಕ್ಕಳಿಗೆ ಪರಿಚಯಿಸುತ್ತದೆ. ದೂರದ ಪ್ರಯಾಣವನ್ನು ಮಾಡದಿದ್ದರೂ, ರೈತನ ಬೆಳೆಯು ಕೊನೆಯ ಕೆಲವು ಗಜಗಳ ದಾರಿಯನ್ನು ಕ್ರಮಿಸಿ ಹಡಗನ್ನು ಸೇರಿದುದು ಬಂದರಿನ ಈ ಪುಟ್ಟ ಎಂಜಿನುಗಳಿಂದ ಎಂಬುದನ್ನು ಮರೆಯಲಾಗದು.